ಮೊದಲು ಲಾಭ

ಗಿರಣಿ ಓಡುವಾಗ ಆ ಮನೆಯಲ್ಲಿ ಯಾರೂ ಯಾರಿಗೂ ಪೂರ್ತಿ ವಾಕ್ಯ ಹೇಳುತ್ತಿರಲಿಲ್ಲ. “ಊಟ!” ಎಂದರೆ ಊಟಕ್ಕೆ ಬನ್ನಿ ಎಂದು. “ಬಾಗಿಲು!” ಎಂದರೆ ಯಾರೋ ಬಂದಿದ್ದಾರೆ ಎಂದೂ ಆಗಬಹುದು, ಹಿಟ್ಟು ಒಳಗೆ ಹಾರುತ್ತಿದೆ, ಬಾಗಿಲು ಹಾಕಿ ಎಂದೂ ಆಗಬಹುದು, ಯಾವುದು ಎಂಬುದನ್ನು ಹೇಳಿದವರ ಮುಖ ನೋಡಿ ತಿಳಿಯಬೇಕು. ಬೀದಿಗೆ ತೆರೆದ ಮುಂದಿನ ಕೋಣೆಯೇ ಹಿಟ್ಟಿನ ಗಿರಣಿ. ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಸೊಸೆ ಮತ್ತು ಮೊಮ್ಮಗಳು ಮಲಗುವ ಕೋಣೆ. ಗಿರಣಿಗೂ ಅಡುಗೆಮನೆಗೂ ನಡುವೆ ಒಂದು ಮಂಚ ಹಿಡಿಯುವಷ್ಟು ಓಣಿ. ಆ ಮಂಚ ಅಜ್ಜನದು. ಬೆಳಗ್ಗೆ ಎದ್ದಾಗ ಅವನ ಹುಬ್ಬಿನ ಮೇಲೂ ತೆಳ್ಳಗೆ ಹಿಟ್ಟು ಕೂತಿರುತ್ತಿತ್ತು. “ಅಜ್ಜ, ನಿನ್ನನ್ನ ಕಲಸಿದ್ದಾರೆ, ಇನ್ನೂ ಬೇಯಿಸಿಲ್ಲ” ಎಂದು ಮೊಮ್ಮಗಳು ನಗುತ್ತಿದ್ದಳು.

ಅಜ್ಜ ಜೀವಮಾನವೆಲ್ಲ ದುಡಿದದ್ದು ದವಸದ ಮಂಡಿಯಲ್ಲಿ. ಕೊಳಗ ಹಿಡಿದು ಕಾಳು ಅಳೆಯುವ ಕೆಲಸ. ಮಂಡಿಗೆ ತೂಕದ ಯಂತ್ರ ಬಂದ ಮೇಲೆ ಕೊಳಗ ಮೂಲೆ ಸೇರಿತು; ಇನ್ನೂ ಕೆಲವು ವರ್ಷ ಮೂಟೆಯ ಬಾಯಿ ಹೊಲಿದು ಅವನೂ ಮನೆ ಸೇರಿದ. ಹೋದ ವರ್ಷ ಹೆಂಡತಿ ತೀರಿಕೊಂಡಾಗ ಮಗ ಲಾರಿಯ ಸಮೇತ ಬಂದು, ಅಪ್ಪನನ್ನೂ ಒಂದು ತಗಡಿನ ಪೆಟ್ಟಿಗೆಯನ್ನೂ ಹತ್ತಿಸಿಕೊಂಡು ಇಲ್ಲಿ ತಂದಿಳಿಸಿದ. ಇಳಿಸಿದವನು ಮಾರನೆಯ ದಿನವೇ ಮತ್ತೆ ಹೊರಟ. ಲಾರಿ ಓಡಿಸುವವನ ಮನೆ ಲಾರಿಯೇ. ಎರಡು ವಾರಕ್ಕೊಮ್ಮೆ ಬರುತ್ತಿದ್ದ, ಬಂದಾಗ ನಿದ್ದೆ ಮಾಡುತ್ತಿದ್ದ.

ಸೊಸೆ ಕೆಟ್ಟವಳಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಬೆಳಗ್ಗೆ ರೊಟ್ಟಿ ತಟ್ಟಿ, ಮಗುವನ್ನು ಶಾಲೆಗೆ ಬಿಟ್ಟು ಬಂದು ಗಿರಣಿಯ ಸ್ವಿಚ್ಚು ಒತ್ತಿದರೆ ಕತ್ತಲಾಗುವವರೆಗೆ ಕಲ್ಲಿನ ಮುಂದೆಯೇ ನಿಲ್ಲುತ್ತಿದ್ದಳು. ಮಾವನಿಗೆ ಹೊತ್ತಿಗೆ ಸರಿಯಾಗಿ ಚಹಾ, ಊಟ, ಕಣ್ಣಿನ ಹನಿ. ಆದರೆ ಅವನಿಗೆ ಹೇಳುವಂಥ ಕೆಲಸ ಆ ಮನೆಯಲ್ಲಿ ಏನೂ ಇರಲಿಲ್ಲ. ಒಮ್ಮೆ ಗಿರಾಕಿಯ ಚೀಲ ಎತ್ತಿಕೊಡಲು ಹೋದ. “ಬೇಡ ಮಾವ, ಸೊಂಟ!” ಎಂದು ಅವಳು ಕೂಗಿದಳು. ಅಂದಿನಿಂದ ಅವನು ಮಂಚದ ಮೇಲೆ ಕೂತು, ತೂಕದ ಯಂತ್ರದ ಕೆಂಪು ಅಂಕಿಗಳು ಬದಲಾಗುವುದನ್ನು ನೋಡುತ್ತಿದ್ದ. ಕಣ್ಣಿಗೆ ಪೊರೆ ಬರುತ್ತಿದ್ದುದರಿಂದ ಅಂಕಿ ಕಾಣುತ್ತಿರಲಿಲ್ಲ. ಕೆಂಪು ಮಾತ್ರ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಸೊಸೆ ಮಗುವನ್ನು ಶಾಲೆಯಿಂದ ಕರೆದುಕೊಂಡು ಬಂದವಳು ಗಿರಣಿ ಶುರು ಮಾಡುವ ಮೊದಲೇ ಅವನ ಮುಂದೆ ನಿಂತಳು.

“ಮಾವ, ಟೀಚರ್ ಹೇಳಿದ್ರು. ಮಕ್ಕಳಿಗೆ ದುಡ್ಡು ಎಣಿಸೋದು ಮನೇಲೂ ಕಲಿಸಬೇಕಂತೆ. ‘ನಿಮ್ಮದಂತೂ ಗಿರಣಿ, ಚಿಲ್ಲರೆಗೇನು ಬರ’ ಅಂತ ನಗ್ತಾರೆ. ನನಗೆ ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ. ನೀವು ಕಲಿಸ್ತೀರಾ?”

“ನಾನಾ?”

“ಗಲ್ಲಾಪೆಟ್ಟಿಗೆ ಹತ್ರ ಕೂತ್ಕೊಳ್ಳಿ ಇಬ್ಬರೂ. ಬಂದ ಚಿಲ್ಲರೇನ ಹತ್ತತ್ತು ಎಣಿಸಿ, ಕಾಗದದಲ್ಲಿ ಸುರುಳಿ ಸುತ್ತಿಡಿ. ನನಗೂ ಒಂದು ಕೆಲಸ ಕಮ್ಮಿ ಆಗುತ್ತೆ.”

ಅಜ್ಜ ಎದ್ದುಹೋಗಿ ಮುಖ ತೊಳೆದು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದ.

ಮೊಮ್ಮಗಳಿಗೆ ಮನೆಯಲ್ಲಿ ಬಟಾಣಿ ಎಂದು ಹೆಸರು. ಎಲ್ಲಿ ಬಿಟ್ಟರೂ ಉರುಳಿಕೊಂಡು ಹೋಗುವವಳು. ಒಂದನೇ ತರಗತಿ, ಮುಂದಿನ ಎರಡು ಹಲ್ಲು ಇಲ್ಲ. ಅವಳಿಗೆ ನಾಣ್ಯಗಳ ಬಗ್ಗೆ ತನ್ನದೇ ಅಭಿಪ್ರಾಯಗಳಿದ್ದವು.

“ಅಜ್ಜ, ಬಿಳೀದು ದೊಡ್ಡದು, ಹಳದೀದು ಚಿಕ್ಕದು. ಆದ್ರೂ ಹಳದೀಗೆ ಯಾಕೆ ಜಾಸ್ತಿ ಬೆಲೆ?”

“ನಿಮ್ಮಮ್ಮ ನನಗಿಂತ ಗಿಡ್ಡ. ಮನೇಲಿ ಯಾರ ಮಾತು ನಡೆಯುತ್ತೆ?”

“ಅಮ್ಮಂದು.”

“ಹಾಗೇ ಇದೂನೂ.”

ಬಟಾಣಿಗೆ ತಕ್ಷಣ ಅರ್ಥವಾಯಿತು. ಒಂದು ಕೇಜಿ ಬೀಸಿದರೆ ಒಂದು ಹಳದಿ ಬಿಲ್ಲೆ. ಹಿಟ್ಟಿಗೆ ಬರುವವರು ಚಿಲ್ಲರೆಯನ್ನೇ ತರುತ್ತಿದ್ದರು. ನೋಟು ತಂದವರನ್ನು ಸೊಸೆ ಎದುರಿನ ಬೇಕರಿಗೆ ಅಟ್ಟಿ ಮುರಿಸಿಕೊಂಡು ಬರಲು ಹೇಳುತ್ತಿದ್ದಳು. ಹಾಗಾಗಿ ಗಲ್ಲಾಪೆಟ್ಟಿಗೆಯ ತುಂಬ ಹಳದಿ.

“ಶುರು ಮಾಡುವಾಗ ‘ಒಂದು’ ಅನ್ನಬಾರದು,” ಎಂದ ಅಜ್ಜ.

“ಯಾಕೆ?”

“ಒಂದು ಅಂದ್ರೆ ಒಂಟಿ. ಒಳ್ಳೆ ಕೆಲಸ ಒಂಟಿಯಾಗಿ ಶುರು ಆಗಬಾರದು. ಮಂಡೀಲಿ ನಾವು ಮೊದಲನೇ ಕೊಳಗ ಸುರಿಯುವಾಗ ‘ಲಾಭ’ ಅಂತಿದ್ವಿ. ಎಷ್ಟು ಜೋರಾಗಿ ಗೊತ್ತಾ? ಬೀದಿ ಆ ಕಡೆಗೆ ಕೇಳಬೇಕು. ನೀನೂ ಅಷ್ಟೇ. ಮೊದಲು ಲಾಭ ಅನ್ನು, ಆಮೇಲೆ ಎಣಿಸು. ಹೀಗೆ, ನೋಡು…”

ಅಷ್ಟರಲ್ಲಿ ಸೊಸೆ ಸ್ವಿಚ್ಚು ಒತ್ತಿದಳು. ಅಜ್ಜ ಒಂದೊಂದೇ ಬಿಲ್ಲೆ ಇಡುತ್ತಾ ಎಣಿಸಿ ತೋರಿಸಿದ. ಆ ಮಾತೆಲ್ಲ ಕಲ್ಲಿನಡಿ ಸಿಕ್ಕಿ ಹಿಟ್ಟಾಯಿತು.

ಆ ದಿನದಿಂದ ಅಜ್ಜನ ದಿನಕ್ಕೆ ಒಂದು ಮಧ್ಯಾಹ್ನ ಬಂತು. ಅದಕ್ಕೆ ಮುಂಚೆ ಅವನಿಗೆ ಬೆಳಗ್ಗೆ ಇತ್ತು, ರಾತ್ರಿ ಇತ್ತು, ನಡುವೆ ಏನಿತ್ತೋ ಗೊತ್ತಿರಲಿಲ್ಲ. ಶಾಲೆಯಿಂದ ಬಂದ ಬಟಾಣಿ ಕೈಕಾಲು ತೊಳೆದು ರೊಟ್ಟಿ ತಿಂದು, ಗಲ್ಲದ ಮುಂದಿನ ಮಣೆಯ ಮೇಲೆ ಕೂರುತ್ತಿದ್ದಳು. ಅಜ್ಜ ಹಳೆಯ ಪತ್ರಿಕೆಯನ್ನು ಅಂಗೈ ಅಗಲಕ್ಕೆ ಹರಿದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದ. ಮಗು ಮೊದಲ ಬಿಲ್ಲೆ ಎತ್ತಿ, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು “ಲಾಭಾ!” ಎಂದು ಕಿರುಚುವುದು ಗಿರಣಿಯ ಸದ್ದನ್ನೂ ಸೀಳಿಕೊಂಡು ಅವನಿಗೆ ಕೇಳಿಸುತ್ತಿತ್ತು. ಮುಂದಿನದು ತುಟಿಯ ಚಲನೆ ಮಾತ್ರ. ಕೊನೆಗೆ “ಹತ್ತು!” ಎಂದು ಇನ್ನೊಂದು ಕಿರುಚು. ಅಜ್ಜ ಕಾಗದ ಕೊಡುತ್ತಿದ್ದ. ಮಗು ಬಿಲ್ಲೆಗಳನ್ನು ಅದರಲ್ಲಿ ಉರುಳಿಸಿ ಸುತ್ತಿ, ಎರಡೂ ತುದಿಗಳನ್ನು ತಿರುಚುತ್ತಿತ್ತು. ಅವನು ಎಂದೂ ಮರು ಎಣಿಸಲಿಲ್ಲ. ಮಂಡಿಯಲ್ಲೂ ಅವನದು ಅಳೆಯುವ ಕೆಲಸ. ದುಡ್ಡು ಎಣಿಸುತ್ತಿದ್ದದ್ದು ಸಾಹುಕಾರ. ನಲವತ್ತು ವರ್ಷ ತಾನು ಕೂಗಿದ ಮಾತನ್ನು ಇನ್ನೊಂದು ಬಾಯಿ ಕೂಗುತ್ತಿದೆ ಎನ್ನುವುದರಲ್ಲೇ ಅವನ ಗಮನವೆಲ್ಲ.

ಸಂಜೆ ಸೊಸೆ ಸುರುಳಿಗಳನ್ನು ಮಣೆಯ ಮೇಲೆ ಸಾಲಾಗಿ ಜೋಡಿಸಿ ನೋಡಿದಳು. ಎಲ್ಲವೂ ಒಂದೇ ಉದ್ದ, ಒಂದು ಕೂದಲೆಳೆ ಹೆಚ್ಚು ಕಡಿಮೆ ಇಲ್ಲ. ಮಗುವಿನ ಎಣಿಕೆ ತಪ್ಪಿದ್ದರೆ ಒಂದು ಉದ್ದ ಒಂದು ಗಿಡ್ಡ ಇರಬೇಕಿತ್ತಲ್ಲ.

“ಪರವಾಗಿಲ್ವೇ, ಬ್ಯಾಂಕಿನವರ ಹಾಗೆ ಸುತ್ತಿದ್ದಾಳೆ!” ಎಂದು ಮಗಳ ಕೆನ್ನೆ ಹಿಂಡಿದಳು.

ಕೆಲವು ಸುರುಳಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತಿದ್ದವು. ಅದು ಬೆಲ್ಟಿನ ಡಬ್ಬಿ. ಗಿರಣಿಯ ಬೆಲ್ಟು ಎರಡು ಕಡೆ ಸವೆದು ನೂಲು ಬಿಟ್ಟಿತ್ತು. ಅದು ಯಾವತ್ತು ಕಿತ್ತುಹೋಗುತ್ತದೋ ಅವತ್ತಿಗೆ ಒಲೆ ಆರುತ್ತದೆ ಎಂದು ಸೊಸೆ ಎಲ್ಲರಿಗೂ ಹೇಳುತ್ತಿದ್ದಳು. ಉಳಿದ ಸುರುಳಿಗಳನ್ನು ಬೇಕರಿಯವನು ತೆಗೆದುಕೊಂಡು ನೋಟು ಕೊಡುತ್ತಿದ್ದ. ಅವನನ್ನು ಬಟಾಣಿ ಬನ್ ಮಾಮ ಎನ್ನುತ್ತಿದ್ದಳು. ಸುರುಳಿಗಳನ್ನು ಒಯ್ದುಕೊಡುವುದು ಅಜ್ಜ-ಮೊಮ್ಮಗಳ ಕೆಲಸವೇ ಆಯಿತು. ಒಂದು ವಾರವಾದ ಮೇಲೆ ಬನ್ ಮಾಮ ದಿನಾ ಮಗುವಿನ ಕೈಗೆ ಒಂದು ಬನ್ನು ಇಡತೊಡಗಿದ.

“ಎಷ್ಟಪ್ಪ ಇದಕ್ಕೆ?” ಎಂದ ಅಜ್ಜ.

“ಬಿಡಿ ಅಜ್ಜ, ಮಗುಗೆ ತಾನೆ. ನಿಮ್ಮ ಮನೆ ಚಿಲ್ಲರೆ ನನಗೆ ಬಹಳ ಆಗಿಬರುತ್ತೆ,” ಎಂದು ಬೇಕರಿಯವನು ನಕ್ಕ.

ಒಳ್ಳೆಯ ಮನುಷ್ಯ ಎಂದುಕೊಂಡ ಅಜ್ಜ.

ಎರಡನೆಯ ವಾರದ ಕೊನೆಗೆ ಸೊಸೆ ಗೋಡೆಯ ಮುಂದೆ ನಿಂತು ಎರಡು ಸಲ ಗೆರೆ ಎಣಿಸಿದಳು. ಕೇಜಿಗೊಂದು ಗೆರೆಯಂತೆ ಸೀಮೆಸುಣ್ಣದಲ್ಲಿ ಗೋಡೆಗೆ ಎಳೆಯುವುದು ಅವಳ ಪದ್ಧತಿ. ಮದುವೆಯಾಗಿ ಬಂದಾಗಿನಿಂದ ಗೋಡೆ ಮತ್ತು ಗಲ್ಲ ತಾಳೆ ತಪ್ಪಿದ್ದಿಲ್ಲ. ಈಗ ಗೋಡೆ ಒಂದು ಹೇಳುತ್ತಿತ್ತು, ಸುರುಳಿ ಇನ್ನೊಂದು ಹೇಳುತ್ತಿತ್ತು. ದಿನಾ ಐದೋ ಆರೋ ಬಿಲ್ಲೆ ಕಡಿಮೆ. ಹೆಚ್ಚೇನಲ್ಲ, ಒಂದು ಚಹಾ, ಒಂದು ಕಟ್ಟು ಬೀಡಿಗೆ ಸರಿಹೋಗುವಷ್ಟು.

ಅವಳು ಗಿರಣಿ ನಿಲ್ಲಿಸಿದಳು. ಹೊತ್ತಲ್ಲದ ಹೊತ್ತಿನಲ್ಲಿ ಸದ್ದು ನಿಂತದ್ದರಿಂದ ಅಜ್ಜ ಬೆಚ್ಚಿದ.

“ಮಾವ, ಗಲ್ಲದಿಂದ ಏನಾದ್ರೂ ತಗೊಂಡ್ರಾ? ತಗೊಂಡ್ರೆ ತಪ್ಪೇನಿಲ್ಲ. ಒಂದು ಮಾತು ಹೇಳಿ ತಗೊಳ್ಳಿ ಅಷ್ಟೆ. ಲೆಕ್ಕ ತಪ್ಪುತ್ತೆ.”

ಅಜ್ಜ ಆಗಷ್ಟೇ ಮಂಚದಿಂದ ಎದ್ದಿದ್ದ. ಅಂಗಿಯ ಮೇಲೆ ಕೂತ ಹಿಟ್ಟನ್ನು ದಿನಕ್ಕೆ ಹತ್ತು ಸಲ ಕೊಡವಿಕೊಳ್ಳುವುದು ಆ ಮನೆಯಲ್ಲಿ ಎಲ್ಲರ ಅಭ್ಯಾಸ. ಅವನ ಕೈ ತಾನಾಗಿಯೇ ಹೆಗಲ ಮೇಲೆ ಹೋಯಿತು, ಎರಡು ಸಲ ಕೊಡವಿತು. ಸೊಸೆ ಆ ಕೈಯನ್ನೇ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಬೇರೆ ಸಮಯವಾಗಿದ್ದರೆ ನಗಬಹುದಿತ್ತು.

“ನಾನು ಮುಟ್ಟಿಲ್ಲಮ್ಮ,” ಎಂದ ಅಜ್ಜ, ಕೈ ಇಳಿಸುತ್ತಾ.

“ಸರಿ ಮಾವ. ಸುಮ್ನೆ ಕೇಳಿದೆ.”

ಮಾರನೆಯ ಬೆಳಗ್ಗೆ ರೊಟ್ಟಿಯ ತಟ್ಟೆಯ ಪಕ್ಕದಲ್ಲಿ ಎರಡು ಹಳದಿ ಬಿಲ್ಲೆ ಇದ್ದವು.

“ಇದೇನು?”

“ನಿಮ್ಮ ಖರ್ಚಿಗೆ. ಗಂಡಸರ ಕೈಯಲ್ಲಿ ನಾಕು ಕಾಸಿದ್ರೆ ಚೆಂದ. ನನಗೆ ಮೊದಲೇ ಹೊಳೀಬೇಕಿತ್ತು.”

ಅವಳು ಅದನ್ನು ಮೆದುವಾಗಿಯೇ ಹೇಳಿದ್ದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಜ್ಜ ರೊಟ್ಟಿ ಮುರಿದು ತಿಂದ. ಬಿಲ್ಲೆಗಳನ್ನು ತಟ್ಟೆಯ ಪಕ್ಕದಲ್ಲೇ ಬಿಟ್ಟು ಎದ್ದ. ಅವಳು ಅವನ್ನು ತಂದು ಮಂಚದ ಮೇಲೆ, ದಿಂಬಿನ ಪಕ್ಕ ಇಟ್ಟು ಹೋದಳು. ಮತ್ತೆ ಮಾರನೆಯ ದಿನ ಎರಡು. ಅದರ ಮಾರನೆಯ ದಿನವೂ ಎರಡು. ಗೋಡೆ ಮತ್ತು ಗಲ್ಲ ಮಾತ್ರ ತಾಳೆಯಾಗಲಿಲ್ಲ.

ಆ ಸಲ ಮಗ ಬಂದವನು ನಿದ್ದೆಗೆ ಮೊದಲು ಅಪ್ಪನ ಮಂಚದ ತುದಿಯಲ್ಲಿ ಕೂತ. ಅಷ್ಟರಲ್ಲೇ ಅಜ್ಜನಿಗೆ ಗೊತ್ತಾಯಿತು.

“ಅಪ್ಪ, ಏನಾದ್ರೂ ಬೇಕಿದ್ರೆ ನನ್ನ ಕೇಳಬಾರದಾ?”

“ನೀನು ಸಿಕ್ಕರೆ ತಾನೆ ಕೇಳೋದು.”

“ಅವಳು ಒಬ್ಬಳೇ ಎಲ್ಲ ನೋಡ್ಕೋಬೇಕು. ಬೆಲ್ಟಿಗೆ ಅಂತ ಕಾಸಿಗೆ ಕಾಸು ಕೂಡಿಡ್ತಿದ್ದಾಳೆ.”

“ನಾನು ಮುಟ್ಟಿಲ್ಲ ಅಂತ ಹೇಳಿದೀನಿ.”

“ಮುಟ್ಟಿದೀಯ ಅಂತ ಯಾರಂದ್ರು ಈಗ?”

“ಮತ್ತೆ ನೀನು ಇಲ್ಲಿ ಬಂದು ಕೂತಿರೋದು ನನ್ನ ಕಾಲು ಒತ್ತೋಕಾ?”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮಗ ದನಿ ತಗ್ಗಿಸಿದ. “ವಯಸ್ಸಾದ ಮೇಲೆ ಮರೆವು ಬರುತ್ತಪ್ಪ. ಜೇಬಿಗೆ ಹಾಕ್ಕೊಂಡಿರ್ತೀವಿ, ನೆನಪಿರಲ್ಲ. ಅದರಲ್ಲೇನು ಅವಮಾನ?”

“ಜೇಬು ನೋಡು, ಬಾ.” ಅಜ್ಜ ಅಂಗಿಯ ಜೇಬನ್ನು ಹೊರಗೆ ಎಳೆದ. ಅದರಿಂದ ಉದುರಿದ್ದು ಹಿಟ್ಟು. “ಮಂಡೀಲಿ ಸಂಜೆ ಹೊರಗೆ ಬರುವಾಗ ಬಾಗಿಲಲ್ಲಿ ನಮ್ಮ ಪಂಚೆ ಕೊಡವಿಸಿ ನೋಡ್ತಿದ್ರು, ಮಡಿಕೇಲಿ ಕಾಳು ಇದೆಯೇನೋ ಅಂತ. ನಲವತ್ತು ವರ್ಷ ಕೊಡವಿದೆ. ಅವರು ಹೊರಗಿನವರು, ಕೊಡವು ಅಂದ್ರು, ಕೊಡವಿದೆ. ಇಲ್ಲೂ ಕೊಡವಬೇಕು ಅಂದ್ರೆ ಹೇಳು.”

“ನಿನ್ನ ಹತ್ರ ಮಾತಾಡೋಕೇ ಆಗಲ್ಲ,” ಎಂದು ಮಗ ಎದ್ದುಹೋದ. ಮರುದಿನ ಹೊರಡುವಾಗ ಅಪ್ಪನ ಕಾಲ ಬಳಿ ಹೊಸ ಹೊದಿಕೆಯೊಂದನ್ನು ಇಟ್ಟು ಲಾರಿ ಹತ್ತಿದ.

ಆ ವಾರ ಸೊಸೆ ಗಲ್ಲವನ್ನು ಅಡುಗೆಮನೆಯೊಳಕ್ಕೆ ಸಾಗಿಸಿದಳು. “ಇವಳಿಗೆ ಕಲಿತದ್ದಾಯ್ತಲ್ಲ ಮಾವ. ಇನ್ನು ಶಾಲೆ ಪಾಠ ಓದಲಿ,” ಎಂದಳು. ಸಂಜೆ ಹಿಟ್ಟಿನ ಕೈ ತೊಳೆದು, ತಾನೇ ಬಿಲ್ಲೆ ಎಣಿಸಿ ಸುರುಳಿ ಸುತ್ತಿದಳು. ಗೋಡೆಯ ಗೆರೆಗೂ ಗಲ್ಲಕ್ಕೂ ಸರಿಯಾಗಿ ತಾಳೆಯಾಯಿತು. ಮರುದಿನವೂ ಆಯಿತು. ಅದರ ಮರುದಿನವೂ.

ಮೂರನೆಯ ದಿನ ಅವಳು ಗೋಡೆಯ ಮುಂದಿನಿಂದ ತಿರುಗಿದಾಗ ಅಜ್ಜ ಅವಳ ಮುಖ ನೋಡಿದ. ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದ. ಅಲ್ಲಿದ್ದದ್ದು ನಿರಾಳ. ಹುಡುಕುತ್ತಿದ್ದ ಸೋರುವ ಜಾಗ ಸಿಕ್ಕಿದಾಗ ಮನೆಯವರ ಮುಖದಲ್ಲಿ ಬರುತ್ತದಲ್ಲ, ಅದು.

ತಾನು ಮುಟ್ಟಿಲ್ಲ ಎನ್ನುವುದು ಅವನಿಗೆ ಗೊತ್ತು. ಆದರೆ ತಾನು ಕೂತಾಗ ಕಡಿಮೆಯಾಗಿದ್ದು, ತಾನು ಎದ್ದ ಮೇಲೆ ಸರಿಯಾದದ್ದು ಕೂಡ ನಿಜ. ಒಂದು ರಾತ್ರಿ ಅವನು ಎದ್ದು ತನ್ನ ಪೆಟ್ಟಿಗೆಯನ್ನು ತಾನೇ ತಡಕಿ ನೋಡಿದ. ಎರಡು ಪಂಚೆ, ಹೆಂಡತಿಯ ಕನ್ನಡಕ, ಮೂಟೆ ಹೊಲಿಯುವ ದಬ್ಬಳ, ಒಂದು ಹಳೆಯ ಟೀ ಪುಡಿಯ ಡಬ್ಬಿ. ಡಬ್ಬಿಯಲ್ಲಿ ಇದ್ದದ್ದು ಅವಳು ದಿನಾ ಇಡುತ್ತಿದ್ದ ಎರಡೆರಡು ಬಿಲ್ಲೆಗಳು. ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಅದರೊಳಗೆ ಹಾಕುತ್ತಾ ಬಂದಿದ್ದ. ಬೇರೆ ಏನೂ ಇರಲಿಲ್ಲ. ಇಲ್ಲದ್ದನ್ನು ಕಂಡು ಅವನಿಗೆ ಸಮಾಧಾನವೂ ಆಗಲಿಲ್ಲ.

ಮಧ್ಯಾಹ್ನಗಳು ಮತ್ತೆ ಹೋದವು. ಅಜ್ಜ ಬೀದಿಯ ಕೊನೆಯ ಬಸ್ ನಿಲ್ದಾಣದವರೆಗೆ ನಡೆದು, ಬೆಂಚಿನ ಮೇಲೆ ಕೂತು, ಬಸ್ಸು ಬಂದಾಗ ನಿರ್ವಾಹಕ “ಹತ್ತಿ ಅಜ್ಜ” ಎಂದರೆ “ಇದಲ್ಲಪ್ಪ, ಮುಂದಿನದು” ಎನ್ನುತ್ತಿದ್ದ. ಪ್ರತಿ ಬಸ್ಸಿಗೂ ಅದನ್ನೇ ಹೇಳುತ್ತಿದ್ದ. ಎರಡು ಮಾತು ಆಡಿದಂತಾಗುತ್ತಿತ್ತು. ನಾಲ್ಕನೆಯ ದಿನದಿಂದ ನಿರ್ವಾಹಕ ಕೇಳುವುದನ್ನೇ ಬಿಟ್ಟ.

ಸುರುಳಿ ಒಯ್ಯುವ ಕೆಲಸ ಈಗ ತಾಯಿ-ಮಗಳದು. ಒಂದು ಸಂಜೆ ಬಟಾಣಿ ಕಾಲು ಬಡಿಯುತ್ತಾ ಬಂದಳು.

“ಬನ್ ಮಾಮ ಇವತ್ತೂ ಬನ್ ಕೊಡಲಿಲ್ಲ!”

“ದಿನಾ ಕೊಡೋಕೆ ಅವರೇನು ನಿನ್ನ ಸೋದರಮಾವನಾ?” ಎಂದಳು ಸೊಸೆ. ಮತ್ತೆ ನಗುತ್ತಾ ಅಜ್ಜನ ಕಡೆಗೋ ಗೋಡೆಯ ಕಡೆಗೋ ಹೇಳಿದಳು, “ಅವನಿಗೂ ತಮಾಷೆ. ‘ಏನಕ್ಕ, ನಿಮ್ಮ ಸುರುಳಿ ಯಾಕೋ ಸೊರಗಿದೆ’ ಅಂತಾನೆ. ಸುರುಳಿಗೂ ಸೊರಗೋ ಕಾಯಿಲೆ ಬರುತ್ತಾ?”

ಅಜ್ಜನಿಗೂ ಅದು ತಮಾಷೆಯಾಗಿಯೇ ಕೇಳಿಸಿತು. ಹಳೆಯ ಸುರುಳಿಗಳು ಬೆಲ್ಟಿನ ಡಬ್ಬಿಯಲ್ಲಿದ್ದವು. ಹೊಸದನ್ನು ಅವುಗಳ ಪಕ್ಕ ಇಟ್ಟು ನೋಡುವ ಕಾರಣ ಯಾರಿಗೂ ಇರಲಿಲ್ಲ.

ಶಾಲೆಗೆ ರಜೆ ಇದ್ದ ಒಂದು ಬೆಳಗ್ಗೆ, ಅರ್ಧ ಚೀಲ ಗೋಧಿ ಕಲ್ಲಿನಲ್ಲಿದ್ದಾಗಲೇ ಕರೆಂಟು ಹೋಯಿತು. ಬೆಲ್ಟು ಉಸಿರು ಬಿಟ್ಟಂತೆ ಸುತ್ತಿ ಸುತ್ತಿ ನಿಂತಿತು. ಗಿರಾಕಿ ಆಮೇಲೆ ಬರುತ್ತೇನೆಂದು ಹೋದ. ಸೊಸೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಕೂತಳು. ಈಳಿಗೆಯ ಸದ್ದೂ ಕೇಳಿಸುವಷ್ಟು ಮನೆ ನಿಶ್ಶಬ್ದವಾಗಿತ್ತು.

ಅಜ್ಜ ಮಂಚದ ಮೇಲೆ ಮೊರ ಇಟ್ಟುಕೊಂಡು, ಮಧ್ಯಾಹ್ನಕ್ಕೆ ಬೇಯಿಸಬೇಕಾದ ಹುರುಳಿಯಲ್ಲಿ ಕಲ್ಲು ಹುಡುಕುತ್ತಿದ್ದ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಕಲ್ಲು ಗೊತ್ತಾಗುತ್ತಿತ್ತು. ಬಟಾಣಿ ಉರುಳಿಕೊಂಡು ಬಂದು ಪಕ್ಕದಲ್ಲಿ ಕೂತಳು.

“ಅಜ್ಜ, ಎಣಿಸಲಾ? ಈಗ ಅಮ್ಮ ನನಗೆ ದುಡ್ಡು ಮುಟ್ಟೋಕೇ ಬಿಡಲ್ಲ.”

“ಎಣಿಸು. ಕಾಳಿಗೇನು, ಎಷ್ಟು ಬೇಕಾದ್ರೂ ಎಣಿಸು.”

ಮಗು ಅವನ ಅಂಗೈ ಬಿಡಿಸಿ ಅದರಲ್ಲಿ ಒಂದು ಕಾಳು ಇಟ್ಟಿತು. “ಲಾಭಾ!”

ಎಷ್ಟೋ ದಿನಗಳ ಮೇಲೆ ಆ ಕೂಗು ಕೇಳಿ ಅಜ್ಜ ಕಣ್ಣು ಮುಚ್ಚಿದ.

ಎರಡನೆಯ ಕಾಳು ಅಂಗೈಗೆ ಬಿತ್ತು. “ಒಂದು.”

ಅಜ್ಜ ಕಣ್ಣು ತೆರೆದ.

“ಎರಡು. ಮೂರು. ನಾಕು…” ಮಗು ಎಣಿಸುತ್ತಾ ಹೋಯಿತು. “ಒಂಬತ್ತು. ಹತ್ತು! ಕಾಗದ ಕೊಡು ಅಜ್ಜ.”

ಅವನು ಕಾಗದ ಕೊಡಲಿಲ್ಲ. ಅಂಗೈಯನ್ನು ಹಾಗೇ ಚಾಚಿಕೊಂಡು, ಇನ್ನೊಂದು ಕೈಯ ಬೆರಳಿನಿಂದ ಕಾಳುಗಳನ್ನು ಒಂದೊಂದಾಗಿ ಸರಿಸಿದ. ಹನ್ನೊಂದು. ಮತ್ತೆ ಸರಿಸಿದ. ಹನ್ನೊಂದೇ.

“ಗಲ್ಲದ ಹತ್ರಾನೂ ಹೀಗೇ ಎಣಿಸ್ತಿದ್ಯಾ, ಕಂದ?”

“ಹೂಂ. ನೀನೇ ತಾನೆ ಹೇಳಿದ್ದು? ಮೊದಲು ಲಾಭ ಅನ್ನು, ಆಮೇಲೆ ಎಣಿಸು ಅಂತ.” ಅಜ್ಜನ ಮುಖ ನೋಡಿ ಅದಕ್ಕೆ ಅನುಮಾನ ಬಂತು. “ಲಾಭ ಲೆಕ್ಕಕ್ಕೆ ಸೇರಲ್ಲ ಅಲ್ವಾ? ಅದು ಸುಮ್ನೆ, ಜೊತೆಗೆ.”

ತಾನು ಅವತ್ತು ಎಣಿಸಿ ತೋರಿಸಿದ್ದು ಅಜ್ಜನಿಗೆ ನೆನಪಾಯಿತು. ಲಾಭ, ಎರಡು, ಮೂರು. ಅವನು ಹೇಳಿದ್ದ; ಗಿರಣಿ ತಿಂದಿತ್ತು. ಮಗುವಿಗೆ ಸಿಕ್ಕಿದ್ದು ಮೊದಲ ಮಾತು ಮಾತ್ರ. ಅದರ ಮುಂದೆ ಅದು ತನ್ನ ಶಾಲೆಯ ಎಣಿಕೆಯನ್ನು ಪೂರ್ತಿ ಜೋಡಿಸಿಕೊಂಡಿತ್ತು, ಒಂದನ್ನೂ ಬಿಡದೆ.

ಅವನು ಮೊರವನ್ನು ಪಕ್ಕಕ್ಕಿಟ್ಟು ಎದ್ದ. ಅಡುಗೆಮನೆಯ ಬಾಗಿಲವರೆಗೆ ಹೋಗಿ ನಿಂತ, ಮತ್ತೆ ಹಿಂದಕ್ಕೆ ಬಂದ. ಒಳಗೆ ಹೇಳಿದರೆ ಮೊದಲ ಏಟು ಮಗುವಿಗೆ ಬೀಳುತ್ತದೆ. ಹೇಳದಿದ್ದರೆ ತಟ್ಟೆಯ ಪಕ್ಕದ ಆ ಎರಡು ಬಿಲ್ಲೆ ತನ್ನ ಹೆಣದ ಜೊತೆಗೇ ಹೋಗುತ್ತವೆ. ಅವನು ಮಗುವಿನ ತಲೆಯ ಮೇಲೆ ಕೈಯಿಟ್ಟು ಅದನ್ನೂ ಕರೆದುಕೊಂಡು ಒಳಗೆ ಹೋದ.

“ಅಮ್ಮ, ಬೆಲ್ಟಿನ ಡಬ್ಬಿ ಸ್ವಲ್ಪ ತೆಗೀತೀಯಾ?” ಎಂದ ಅಜ್ಜ.

ಸೊಸೆಯ ಕೈ ಈಳಿಗೆಯ ಮೇಲೆ ನಿಂತಿತು. “ಎಷ್ಟು ಬೇಕಾಗಿತ್ತು ಮಾವ?”

“ನನಗೇನೂ ಬೇಡ. ಮಗು ಸುತ್ತಿದ ಹಳೇ ಸುರುಳಿ ಒಂದು ಬಿಚ್ಚಿ, ನೀನೇ ಎಣಿಸು. ನಾನು ದೂರ ನಿಂತಿರ್ತೀನಿ.”

ಅವಳು ಅವನನ್ನೊಮ್ಮೆ ನೋಡಿ, ಕೈ ಒರೆಸಿಕೊಂಡು, ಸ್ಟೂಲು ಹತ್ತಿ ಡಬ್ಬಿ ಇಳಿಸಿದಳು. ಸುರುಳಿಯ ತುದಿ ಬಿಚ್ಚಿ ನೆಲದ ಮೇಲೆ ಸುರಿದು ಎಣಿಸಿದಳು. ಹುಬ್ಬು ಗಂಟಿಕ್ಕಿತು. ಇನ್ನೊಂದು ಬಿಚ್ಚಿದಳು. ಮತ್ತೊಂದು. ಆಮೇಲೆ ಎಣಿಸುವುದನ್ನು ಬಿಟ್ಟು, ತಾನು ಸುತ್ತಿದ್ದ ಹೊಸ ಸುರುಳಿಯನ್ನು ತಂದು ಮಗು ಸುತ್ತಿದ್ದರ ಪಕ್ಕಕ್ಕೆ ನಿಲ್ಲಿಸಿದಳು. ತನ್ನದೇ ಒಂದು ಬಿಲ್ಲೆಯ ದಪ್ಪದಷ್ಟು ಗಿಡ್ಡ.

“ಇದು…” ಎಂದು ಮಗಳ ಕಡೆ ತಿರುಗಿದಳು. “ಏನೇ, ಎಣಿಸೋಕೆ ಬರಲ್ವಾ ನಿನಗೆ? ಹತ್ತು ಅಂದ್ರೆ ಎಷ್ಟು?”

“ಅದರ ಮೇಲೆ ಕೂಗಬೇಡ,” ಎಂದ ಅಜ್ಜ. “ಅದು ಹೇಳಿದ ಹಾಗೇ ಮಾಡಿದೆ. ತಪ್ಪು ಹೊರಟದ್ದು ನನ್ನ ಬಾಯಿಂದ.” ಲಾಭದ ಕಥೆಯನ್ನು ಅವನು ಹೇಳಿದ. ಪೂರ್ತಿ ವಾಕ್ಯಗಳಲ್ಲಿ ಹೇಳಿದ. ಈ ಮನೆಗೆ ಬಂದ ಮೇಲೆ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಸೊಸೆ ನೆಲದ ಮೇಲೇ ಕೂತುಬಿಟ್ಟಳು. ಬಿಚ್ಚಿದ ಪ್ರತಿ ಸುರುಳಿಯಿಂದ ಒಂದೊಂದು ಬಿಲ್ಲೆಯನ್ನು ಬೇರೆ ತೆಗೆದಿಡುತ್ತಾ ಹೋದಳು. ಕಳೆದುಹೋಗಿದ್ದ ದುಡ್ಡಿನ ಅರ್ಧ ಅವಳ ತಲೆಯ ಮೇಲಿನ ಹಲಗೆಯಲ್ಲೇ ಇತ್ತು.

“ಉಳಿದರ್ಧ ಆ ಬೇಕರಿಯವನು ನುಂಗಿದ,” ಎಂದಳು. “ಅದಕ್ಕೇ ಬಂತು ಬನ್ನು! ಇರಲಿ, ಇವತ್ತು ಅವನ ಮುಖದ ನೀರಿಳಿಸ್ತೀನಿ.”

“ಬನ್ನು ತಿಂದದ್ದು ನಮ್ಮ ಮಗು. ಒಳ್ಳೆ ಮನುಷ್ಯ ಅಂದ್ಕೊಂಡದ್ದು ನಾನು.”

ಅವಳು ತಲೆ ಎತ್ತದೆ ಕೇಳಿದಳು, “ನೀವಾದ್ರೂ ಮೊದಲೇ ಗಟ್ಟಿಯಾಗಿ ಹೇಳಬಾರದಿತ್ತಾ ಮಾವ?”

“ಹೇಳಿದ್ದೆನಲ್ಲಮ್ಮ. ಮುಟ್ಟಿಲ್ಲ ಅಂತ.”

ಅಜ್ಜ ಮಂಚದ ಬಳಿ ಹೋಗಿ, ಪೆಟ್ಟಿಗೆಯಿಂದ ಟೀ ಪುಡಿಯ ಡಬ್ಬಿ ತೆಗೆದುಕೊಂಡು ಬಂದು ಅವಳ ಮುಂದೆ ಇಟ್ಟ.

“ಇದು ತಟ್ಟೆ ಪಕ್ಕ ನೀನು ಇಟ್ಟದ್ದು. ಇದನ್ನೂ ಎಣಿಸಿಕೋ. ಬೆಲ್ಟಿಗೆ ಆಗುತ್ತೆ.”

“ಮಾವ, ಅದು ನಿಮ್ಮ ಖರ್ಚಿಗೆ ಅಂತ…”

“ನನಗೆ ಏನು ಖರ್ಚಿದೆ? ಎಣಿಸು.”

ಅವನ ದನಿ ಒರಟಾಗಿಯೇ ಇತ್ತು. ಸೊಸೆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಅಲುಗಾಡಿಸದೆ. ಅದರ ಮುಚ್ಚಳ ಬಿಗಿಯಾಗಿತ್ತು, ಉಗುರಿನಿಂದ ಎಬ್ಬಿಸಬೇಕಾಯಿತು. ಬಿಲ್ಲೆಗಳನ್ನು ಸೆರಗಿನಲ್ಲಿ ಸುರಿದುಕೊಂಡಳು. ಅವಳ ಮೂಗು ಕೆಂಪಾಗಿತ್ತು. ಕ್ಷಮಿಸಿ ಎನ್ನುವ ಮಾತು ಆ ಮನೆಯಲ್ಲಿ ಯಾರೂ ಯಾರಿಗೂ ಆಡಿದ್ದಿಲ್ಲ. ಗಿರಣಿಯ ಸದ್ದಿನಲ್ಲಿ ಕೂಗಿ ಹೇಳುವಂಥ ಮಾತೂ ಅದಲ್ಲ.

ಅವಳು ಮೊದಲ ಬಿಲ್ಲೆ ಎತ್ತಿ ನೆಲದ ಮೇಲಿಟ್ಟಳು.

“ಲಾಭ,” ಎಂದಳು.

ಅಜ್ಜ ಬಾಗಿಲಿಗೆ ಒರಗಿ ನಿಂತ.

“ಎರಡು,” ಎಂದಳು. “ಮೂರು.”

“ಅಮ್ಮಾ!” ಬಟಾಣಿ ಸಹಿಸಲಾರದೆ ಜಿಗಿದಳು. “ಒಂದು ಬಿಟ್ಟುಬಿಟ್ಟೆ! ಲಾಭ ಆದ್ಮೇಲೆ ಒಂದು! ಒಂದು ಎಲ್ಲಿ?”

ಸೊಸೆ ಮಾವನ ಕಡೆ ನೋಡಿದಳು, ಅದು ನಿಮ್ಮ ಪಾಠ ಎನ್ನುವ ಹಾಗೆ. ಅಜ್ಜ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ. ಅಷ್ಟರಲ್ಲಿ ಕರೆಂಟು ಬಂತು. ಕರೆಂಟು ಹೋದಾಗ ಸ್ವಿಚ್ಚು ಆರಿಸುವುದನ್ನು ಸೊಸೆ ಮರೆತಿದ್ದಳು. ಬೆಲ್ಟು ಒಮ್ಮೆ ಕಿರುಚಿ, ಕಲ್ಲು ಅರ್ಧ ಚೀಲ ಗೋಧಿಯ ಮೇಲೆ ಗುಡುಗಿತು. ಪಾತ್ರೆಗಳು ನಡುಗಿದವು. ಅಜ್ಜ ಹೇಳಬೇಕಾದದ್ದನ್ನು ಹೇಳಿಯೇ ಹೇಳಿದ, ಆದರೆ ಅವನಿಗೇ ಅದು ಕೇಳಿಸಲಿಲ್ಲ.

ಸೊಸೆ ಸೆರಗಿನ ಬಿಲ್ಲೆಗಳನ್ನು ನೆಲಕ್ಕೆ ಸುರಿದು ಗಿರಣಿಯ ಕಡೆ ಓಡಿದಳು. ಮಗು ಕಿವಿಯ ಹಿಂದೆ ಕೈಯಿಟ್ಟುಕೊಂಡು ಮುಖ ಮೇಲೆತ್ತಿ ನಿಂತಿತ್ತು.

ಅಜ್ಜ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಅದರ ಮುಂದೆ ಕೂತ. ಒಂದು ಬೆರಳು ಎತ್ತಿ ತೋರಿಸಿ, ತುಟಿ ಚೆನ್ನಾಗಿ ಕಾಣುವ ಹಾಗೆ ಅಗಲವಾಗಿ ಬಾಯಿಬಿಟ್ಟ. ಲಾಭ.

ಬಟಾಣಿ ಆ ಬೆರಳನ್ನು ನೋಡಿದಳು. ಅವನ ತುಟಿ ನೋಡಿದಳು. ಮತ್ತೆ ಬೆರಳು ನೋಡಿದಳು. ಹಿಟ್ಟು ಮೆತ್ತಿದ ಆ ಒಂಟಿ ಬೆರಳಿನ ಪಕ್ಕಕ್ಕೆ ತನ್ನ ಬೆರಳನ್ನೂ ತಂದು ಅಂಟಿಸಿ ನಿಲ್ಲಿಸಿದಳು. ಗಿರಣಿ ಓಡುತ್ತಲೇ ಇತ್ತು. ಅವಳ ಹಲ್ಲಿಲ್ಲದ ಬಾಯಿ “ಎರಡು” ಎಂದದ್ದು ಅಜ್ಜನಿಗೆ ಕೇಳಿಸಲಿಲ್ಲ, ಕಂಡಿತು.